ದೊಕ್‌ಸಿಮ್ ಅಕ್ಕನ ಬಲಗಣ್ಣು

ಓಕ್ ದೊಕ್‌ಸಿಮ್‌ಳ ಮುಖವನ್ನು ನಮ್ಮ ಶಿಪ್‌ಯಾರ್ಡಿನಲ್ಲಿ ಸರಿಯಾಗಿ ನೋಡಿದವರು ಕಡಿಮೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಏಣಿ ಹತ್ತಿ, ಕ್ರೇನಿನ ಕ್ಯಾಬಿನ್ನಿನೊಳಗೆ ಕೂತಳೆಂದರೆ ಊಟದ ಹೊತ್ತಿಗೇ ಇಳಿಯುವುದು. ಕೆಳಗಿನವರಿಗೆ ಕಾಣುತ್ತಿದ್ದದ್ದು ಗಾಜಿನ ಹಿಂದಿನ ಹಳದಿ ಹೆಲ್ಮೆಟ್ಟು ಮಾತ್ರ. ಆದರೆ ಮನೆಯಷ್ಟು ದೊಡ್ಡ ಉಕ್ಕಿನ ತುಂಡೊಂದು ಗಾಳಿಯಲ್ಲಿ ತೇಲಿಬಂದು, ಹಡಗಿನ ಹೊಟ್ಟೆಯಲ್ಲಿ ತನಗಿಟ್ಟ ಜಾಗದಲ್ಲಿ ಸದ್ದಿಲ್ಲದೆ ಕೂತರೆ ವೆಲ್ಡಿಂಗಿನವರು ತಲೆ ಎತ್ತದೆಯೇ ಹೇಳುತ್ತಿದ್ದರು: "ಇವತ್ತು ಮೇಲೆ ದೊಕ್‌ಸಿಮ್ ಇದಾಳೆ."

ನಾನು ಕೆಳಗೆ ನಿಂತು ಅವಳಿಗೆ ಸಿಗ್ನಲ್ ಕೊಡುತ್ತಿದ್ದವಳು. ನನ್ನ ಹೆಸರು ಕಾಪ್‌ಸುನ್. ಅವಳಿಗಿಂತ ನಾನು ಐದಾರು ವರ್ಷ ಚಿಕ್ಕವಳು, ಅದಕ್ಕೆ ಅಕ್ಕ ಅನ್ನುತ್ತಿದ್ದೆ. ಕ್ರೇನ್ ನಡೆಸುವವಳಿಗೂ ಸಿಗ್ನಲ್ಲಿನವಳಿಗೂ ಇರುವ ನಂಟು ಎಂಥದೆಂದರೆ, ಅವಳು ಕೆಮ್ಮಿದರೂ ವಾಕಿಟಾಕಿಯಲ್ಲಿ ನನಗೆ ಕೇಳುತ್ತಿತ್ತು. ಗಂಡನ ಜೊತೆ ಜಗಳ ಆಡಿಕೊಂಡು ಬಂದಿದ್ದಾಳೋ ಇಲ್ಲವೋ ಅನ್ನುವುದನ್ನು ಅವಳ ಮೊದಲ "ಹೂಂ, ಹೇಳು" ಎಂಬುದರಲ್ಲೇ ತಿಳಿಯುತ್ತಿದ್ದೆ.

ಅವಳು ಮೊದಲು ಯಾರ್ಡಿನ ಕ್ಯಾಂಟೀನಿನಲ್ಲಿ ಸಾರು ಬಡಿಸುತ್ತಿದ್ದಳು. ಗಂಡ ಸುನ್‌ಗೂ ವೆಲ್ಡರ್. ಅವನ ಶ್ವಾಸಕೋಶ ಕೆಟ್ಟು ಕೆಲಸ ಬಿಟ್ಟ ಮೇಲೆ ಇವಳು ಸಂಜೆ ಹೊತ್ತು ಕ್ರೇನ್ ಕಲಿಯಲು ಹೋದಳು. ಆಗ ಗಂಡಸರು ಆಡಿಕೊಂಡು ನಕ್ಕಿದ್ದರು. "ಸೌಟು ಹಿಡಿದೋಳು ಕ್ರೇನ್ ಹಿಡೀತಾಳಂತೆ!" ಎಂದು ಒಬ್ಬ ಊಟದ ಸಾಲಿನಲ್ಲೇ ಅಂದಿದ್ದನಂತೆ. ಇವಳು ಅವನ ಬಟ್ಟಲಿಗೆ ಸಾರು ಬಿಡುತ್ತಾ, "ಇಷ್ಟು ವರ್ಷದಲ್ಲಿ ನಿನ್ನ ಅಂಗಿ ಮೇಲೆ ಒಂದು ಹನಿ ಚೆಲ್ಲಿದೀನಾ? ಅಲ್ಲೂ ಚೆಲ್ಲಲ್ಲ, ಮುಂದೆ ಹೋಗು," ಅಂದಳಂತೆ. ಅವಳ ಸ್ವಭಾವವೇ ಅದು. ದನಿ ಏರಿಸುವವಳಲ್ಲ, ಆದರೆ ಒಂದು ಮಾತನ್ನೂ ಬಾಕಿ ಉಳಿಸಿಕೊಳ್ಳುವವಳೂ ಅಲ್ಲ.

ವರ್ಷಗಟ್ಟಲೆ ಆ ಏಣಿ ಹತ್ತಿ ಇಳಿದು ಅವಳ ಬಲ ಮಂಡಿ ಸವೆದುಹೋಯಿತು. ಒಳಗಿನ ಮೆದುಮೂಳೆ ಹರಿದು ಮಡಚಿಕೊಂಡಿದೆ, ಸಣ್ಣ ಆಪರೇಷನ್ ಮಾಡಿ ತೆಗೆದರೆ ಸರಿಹೋಗುತ್ತದೆ ಅಂದರು ಡಾಕ್ಟರು. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ, ಎರಡು ದಿನದಲ್ಲಿ ಮನೆಗೆ ಹೋಗಬಹುದು. ಅವಳು ಚುಸೋಕ್ ಅನ್ನುವ ಸುಗ್ಗಿ ಹಬ್ಬಕ್ಕೆ ಮುಂಚಿನ ವಾರವನ್ನೇ ಆರಿಸಿಕೊಂಡಳು. ಹಬ್ಬದ ರಜೆಯೂ ಸೇರಿದರೆ ಮಂಡಿಗೆ ಅಷ್ಟು ವಿಶ್ರಾಂತಿ ಸಿಗುತ್ತದೆ ಅನ್ನುವುದು ಅವಳ ಲೆಕ್ಕ.

ಆಪರೇಷನ್ ಆದ ಸಂಜೆ ನಾನು ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದೆ. ಮಂಚದ ಮೇಲೆ ಮಲಗಿ ಮೂಗು ಕೆರೆದುಕೊಳ್ಳುತ್ತಿದ್ದಳು. ಕೆನ್ನೆ, ಹಣೆ, ಮತ್ತೆ ಮೂಗು. ಮುಖವೆಲ್ಲ ಕೆಂಪಾಗಿತ್ತು.

"ಏನಕ್ಕ, ಸೊಳ್ಳೆನಾ?"

"ಸೊಳ್ಳೆ ಅಲ್ಲ ಕಣೇ. ಬೆನ್ನಿಗೆ ಮದ್ದು ಹಾಕಿದ್ರಲ್ಲ, ಅದ್ರಲ್ಲಿ ಒಂಚೂರು ಅಫೀಮಿನ ಜಾತಿದೂ ಸೇರ್ಸಿದಾರಂತೆ. ನೋವು ಬೇಗ ಬರದೇ ಇರ್ಲಿ ಅಂತ. ಅದಕ್ಕೆ ಮುಖ ಕಡಿಯತ್ತಂತೆ. ಮಂಡಿ ಮಾತ್ರ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಪಕ್ಕದಲ್ಲಿ ಕೂತಿದ್ದ ಅವಳ ಅತ್ತೆ ಬಾಯಿ ಹಾಕಿದಳು. ಎಂಬತ್ತು ದಾಟಿದ ಮುದುಕಿ. ಬೇಲಿಯ ಮೂಲೆಯಲ್ಲಿ ಕದ್ದು ನಾಲ್ಕು ಗಸಗಸೆ ಗಿಡ ಬೆಳೆದು, ಪ್ರತಿ ವರ್ಷ ಪೊಲೀಸರ ಕೈಯಲ್ಲಿ ಬೈಸಿಕೊಳ್ಳುವವಳು.

"ಹೊಟ್ಟೆ ನುಲಿದಾಗ ನಾನು ಗಸಗಸೆ ಕಾಯಿ ಬೇಯ್ಸಿ ಕುಡಿಸಿದ್ರೆ ಕಳ್ಳಿ ಥರ ನೋಡ್ತಾರೆ. ಇವ್ರು ಬೆನ್ನಿಗೇ ಚುಚ್ಬೋದು, ಅದಕ್ಕೆ ಬಿಳಿ ಕೋಟು ಬೇರೆ!"

ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು. ಅವಳು ಮನಸ್ಸು ಬಿಚ್ಚಿ ನಕ್ಕಿದ್ದನ್ನು ಆಮೇಲೆ ತುಂಬಾ ದಿನ ನಾನು ಕಾಣಲಿಲ್ಲ.

ಮನೆಗೆ ಬಂದ ದಿನವೇ ತಲೆನೋವು ಶುರುವಾಯಿತು. ವಿಚಿತ್ರವಾದ ನೋವು. ಮಲಗಿದರೆ ಇಲ್ಲ, ಎದ್ದು ಕೂತರೆ ಹಿಂದಲೆಯನ್ನು ಯಾರೋ ಹಿಡಿದು ಕೆಳಕ್ಕೆ ಜಗ್ಗಿದ ಹಾಗೆ. ಸುನ್‌ಗೂ ಆಸ್ಪತ್ರೆಗೆ ಫೋನ್ ಮಾಡಿದ. ಹಬ್ಬದ ರಜೆ, ಇದ್ದವರೇ ಇಬ್ಬರೋ ಮೂವರೋ. ಫೋನೆತ್ತಿದವರು ಒಳಗೆ ಯಾರನ್ನೋ ಕೇಳಿಕೊಂಡು ಬಂದು, "ನೀರು ಜಾಸ್ತಿ ಕುಡೀಲಿ, ಕಾಫಿ ಕುಡೀಲಿ, ಮಲಗಿರ್ಲಿ, ಹೋಗತ್ತೆ," ಅಂದರು.

ನೀರೇನೋ ಕುಡಿದಳು. ಮಲಗುವುದು ಮಾತ್ರ ಆಗಲಿಲ್ಲ. ಹಬ್ಬದ ದಿನ ಹಿರಿಯರಿಗೆ ಎಡೆ ಇಡಬೇಕು, ಮೀನು ಕರಿಯಬೇಕು, ಕುಂಬಳದ ಬಿಲ್ಲೆ ಕರಿಯಬೇಕು, ಅಕ್ಕಿಯ ಕಡುಬು ಬೇಯಿಸಬೇಕು. ಕುರ್ಚಿಗೆ ಕಾಲು ಚಾಚಿಕೊಂಡು ಬಾಣಲೆಯ ಮುಂದೆ ಕೂತು ಎಲ್ಲವನ್ನೂ ಕರಿದಳು. ನಡುನಡುವೆ ಹೋಗಿ ಮಲಗಿ, ಮತ್ತೆ ಎದ್ದು ಬಂದಳು. ಸುನ್‌ಗೂ ತಾನು ಕರಿಯುತ್ತೇನೆ ಅಂತ ಹೋದರೆ, "ನೀವು ಕರಿದದ್ದನ್ನ ಹಿರಿಯರಿರ್ಲಿ, ಬೆಕ್ಕೂ ಮುಟ್ಟಲ್ಲ," ಅಂದು ಕಳಿಸಿದಳಂತೆ.

ಹಬ್ಬ ಕಳೆದ ಮೇಲೆ ತಲೆನೋವು ತಾನಾಗಿಯೇ ಇಳಿಯಿತು. ಬದುಕಿದೆ ಅಂದುಕೊಂಡಳು. ಮಾರನೆಯ ಬೆಳಿಗ್ಗೆ ಅಂಗಳಕ್ಕೆ ಬಂದು ನೋಡುತ್ತಾಳೆ, ಗೇಟಿನ ಹತ್ತಿರ ಸುನ್‌ಗೂ ಇಬ್ಬರಾಗಿ ನಿಂತಿದ್ದಾನೆ. ಇಬ್ಬರ ಕೈಯಲ್ಲೂ ಒಂದೊಂದು ಪೊರಕೆ.

"ರೀ, ಅಲ್ಲೇ ನಿಂತ್ಕೊಳ್ಳಿ, ಅಲ್ಲಾಡ್ಬೇಡಿ."

"ಯಾಕೆ, ಹಾವಾ?"

"ನೀವು ಇಬ್ಬರಿದೀರಿ."

"ಒಬ್ಬನ್ನೇ ಸಾಕೋಕಾಗಲ್ಲ ಅಂತಿದ್ದೆಯಲ್ಲ, ತಗೋ," ಅಂದ ಅವನು ನಗುತ್ತಾ. ಅವಳು ನಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿಯಲು ಕೈ ಚಾಚಿದರೆ ಕೈ ಗಾಳಿಗೆ ಹೋಯಿತು, ಮಂಡಿಯ ಮೇಲೆಯೇ ಬಿದ್ದಳು. ಪೊರಕೆ ಎಸೆದು ಓಡಿ ಬಂದಾಗ ಸುನ್‌ಗೂಗೆ ಕಂಡಿತಂತೆ: ಹೆಂಡತಿಯ ಎಡಗಣ್ಣು ತನ್ನನ್ನು ನೋಡುತ್ತಿದೆ, ಬಲಗಣ್ಣು ಮೂಗಿನ ಕಡೆಗೆ ಸರಿದು ನಿಂತಿದೆ.

ಆಮೇಲೆ ಅಲೆದಾಟ. ಮಂಡಿ ಕೊಯ್ದ ಡಾಕ್ಟರು ಮಂಡಿ ನೋಡಿ, "ಚೆನ್ನಾಗಿ ಮಾಯ್ತಿದೆ, ಕಣ್ಣು ನನ್ನ ವಿಷಯ ಅಲ್ಲ," ಅಂದರು. ಕಣ್ಣಿನ ಡಾಕ್ಟರು ಬೆರಳು ತೋರಿಸಿ ಬಲಕ್ಕೆ ನೋಡಿ, ಎಡಕ್ಕೆ ನೋಡಿ ಅಂದು, ಬಲಗಣ್ಣು ಹೊರಗಡೆಗೆ ತಿರುಗುತ್ತಲೇ ಇಲ್ಲವೆಂದು ಕಂಡು ಮುಖ ಸಪ್ಪೆ ಮಾಡಿಕೊಂಡರು. "ತಲೆಯೊಳಗೆ ಏನಾದ್ರೂ ಬೆಳೆದಿದ್ರೂ ಹೀಗಾಗತ್ತೆ. ಸ್ಕ್ಯಾನ್ ಮಾಡ್ಸಿ." ಸ್ಕ್ಯಾನಿಗೆ ಕಾಯುವ ಆ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅತ್ತೆ ಯಾವುದೋ ದೇವರು ಮೈಮೇಲೆ ಬರುವ ಹೆಂಗಸಿನ ಹತ್ತಿರ ಹೋಗಿ, ಹಬ್ಬದ ಎಡೆಯಲ್ಲಿ ಏನೋ ಮೈಲಿಗೆಯಾಗಿದೆ ಅಂತ ಕೇಳಿಕೊಂಡು ಬಂದಳು. ಕರಿದದ್ದು ಸೊಸೆಯಲ್ಲವೇ, ತಪ್ಪು ಸುತ್ತಿಕೊಂಡು ಅವಳ ಮೇಲೇ ಬಂತು.

ತಲೆಯೊಳಗೆ ಏನೂ ಬೆಳೆದಿರಲಿಲ್ಲ. ಅಷ್ಟು ಹೇಳಿ ಕಳಿಸಿದರು. ಮತ್ಯಾಕೆ ಹೀಗಾಯಿತು ಅಂತ ಯಾರೂ ಹೇಳಲಿಲ್ಲ.

ಯಾರೂ ಹೇಳದಿದ್ದಾಗ ಬೀದಿ ಹೇಳುತ್ತದೆ. ಮೀನಿನ ಅಂಗಡಿಯಲ್ಲಿ, ಯಾರ್ಡಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದೇ ಮಾತು. ದೊಕ್‌ಸಿಮ್‌ಗೆ ಬೆನ್ನೊಳಗೆ ಅಫೀಮು ಹಾಕಿದಾರೆ, ಅದು ಮಿದುಳಿಗೆ ಏರಿ ಕಣ್ಣು ತಿರುಗಿಸಿದೆ, ಇನ್ನು ಅವಳಿಗೆ ಅದರ ಚಟ ಹತ್ತತ್ತೆ. ಒಬ್ಬಳು ನನ್ನನ್ನೇ ಕೇಳಿದಳು, "ಅವಳ ಕೈ ನಡುಗತ್ತಂತೆ, ಹೌದಾ?" ನನಗೆ ರೇಗಿತು. "ನಿನ್ನ ನಾಲಿಗೆ ಒಂದು ದಿನ ನಡುಗದೇ ಸುಮ್ಮನಿದ್ದದ್ದನ್ನ ನಾನು ನೋಡ್ಲಿಲ್ಲ," ಅಂದು ಬಂದೆ. ಆದರೆ ಹೊರಗೆ ಬಂದ ಮೇಲೆ ನನಗೂ ಅನುಮಾನವೇ. ಆ ಸಂಜೆ ಅಷ್ಟು ಕೆರೆದುಕೊಂಡಿದ್ದಳಲ್ಲ, ಅದೇ ಮೊದಲ ಗುರುತೋ ಏನೋ.

ಸುನ್‌ಗೂ ಒಂದು ಬೆಳಿಗ್ಗೆ ಸೋಜು ಸಾರಾಯಿಯ ಎರಡು ಗುಟುಕು ಹಾಕಿಕೊಂಡು ಆಸ್ಪತ್ರೆಗೆ ನಡೆದ. ಅಕ್ಕ ನನಗೆ ಫೋನ್ ಮಾಡಿ, "ಓಡೇ, ಆ ಮನುಷ್ಯ ಏನಾದ್ರೂ ಒಡೀತಾನೆ," ಅಂದಳು. ನಾನು ಹೋಗುವಷ್ಟರಲ್ಲಿ ಅವನು ಆಸ್ಪತ್ರೆಯ ಪಡಸಾಲೆಯ ನಡುವೆ ನಿಂತು ಉಸಿರಿಗೆ ಒದ್ದಾಡುತ್ತಾ ಕೂಗುತ್ತಿದ್ದ.

"ಮಂಡಿ ಕೊಟ್ಟು ಕಳ್ಸಿದ್ದೆ! ಕಣ್ಣು ಯಾವನು ಕೇಳಿದ್ದ? ಆ ಗಸಗಸೆ ಮದ್ದು ಹಾಕಿದೋರು ಯಾರು, ಕರೀರಿ!"

ಹಸಿರು ಬಟ್ಟೆಯಲ್ಲಿದ್ದ ಗಿಡ್ಡನೆಯ ಹೆಣ್ಣುಮಗಳೊಬ್ಬಳು ಮುಂದೆ ಬಂದಳು. ವಯಸ್ಸು ಮೂವತ್ತೈದಿರಬಹುದು. ಕಣ್ಣ ಕೆಳಗೆ ಕಪ್ಪು, ಕೂದಲೆಲ್ಲ ಟೋಪಿಯೊಳಗೆ.

"ಹಾಕಿದ್ದು ನಾನು. ಪ್ಯೋ ಅಂತ, ಅರಿವಳಿಕೆ ಡಾಕ್ಟರು. ಏನಾಗಿದೆ ಹೇಳಿ."

ಅವನು ಹೇಳಿದ. ಹೇಳುತ್ತಾ ಹೋದಂತೆ ಅವಳ ಮುಖದ ಬಣ್ಣ ಇಳಿಯಿತು. "ತಲೆನೋವು ಇತ್ತಾ? ಎದ್ರೆ ಬಂದು, ಮಲಗಿದ್ರೆ ಹೋಗೋ ಥರದ್ದು?"

"ಇತ್ತು ಅಂತ ಫೋನ್ ಮಾಡಿದ್ನಲ್ಲಮ್ಮ! ಕಾಫಿ ಕುಡೀರಿ ಅಂದ್ರಿ."

ಅವಳು, "ಆ ದಿನ ಒಳಗೆ ಇದ್ದದ್ದು ನಾನೇ. ಇನ್ನೊಂದು ಆಪರೇಷನ್ನಿನ ನಡುವೆ ಇದ್ದೆ. ಹಾಗೆ ಹೇಳಿ ಅಂದೆ, ಆಮೇಲೆ ತಿರುಗಿ ವಿಚಾರಿಸ್ಲಿಲ್ಲ," ಅಂದಳು. ಪಕ್ಕದಲ್ಲಿದ್ದ ಆಫೀಸಿನ ಗಂಡಸೊಬ್ಬ ಅವಳ ತೋಳು ಮುಟ್ಟಿ, "ಡಾಕ್ಟ್ರೇ, ಇದನ್ನೆಲ್ಲ ಇಲ್ಲಿ ಬೇಡ," ಅಂತ ಪಿಸುಗುಟ್ಟಿದ. ಅವಳು ತೋಳು ಬಿಡಿಸಿಕೊಂಡಳು.

ಆ ಸಂಜೆಯೇ ಡಾಕ್ಟರು ಅಕ್ಕನ ಮನೆಗೆ ಬಂದಳು. ಅಕ್ಕ ಗೋಡೆಗೆ ಒರಗಿ, ಮುಖವನ್ನು ಬಲಕ್ಕೆ ತಿರುಗಿಸಿಕೊಂಡು ಕೂತಿದ್ದಳು. ಹಾಗೆ ಕೂತರೆ ಎಡಗಡೆಯ ಮೂಲೆಯಿಂದ ನೋಡಬಹುದು, ಅಲ್ಲಿ ಎಲ್ಲ ಒಂದೇ ಆಗಿ ಕಾಣುತ್ತಿತ್ತು. ಅದಕ್ಕೂ ಅತ್ತೆ, "ನನ್ನನ್ನ ಓರೆಗಣ್ಣಲ್ಲಿ ನೋಡ್ತಾಳೆ," ಅಂತ ಗೊಣಗುತ್ತಿದ್ದಳು. ಡಾಕ್ಟರು ಬೆರಳು ಆಡಿಸಿ ನೋಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಮ್ಮ, ಮಿದುಳು, ಬೆನ್ನುಹುರಿ ಎಲ್ಲ ಒಂದು ನೀರಲ್ಲಿ ತೇಲ್ತಿರತ್ತೆ. ನಾನು ಚುಚ್ಚಿದ ತೂತು ಮುಚ್ಕೊಳ್ಳದೇ ಆ ನೀರು ಸೋರಿದೆ. ನೀರು ಕಡಿಮೆ ಆದ್ರೆ, ನೀವು ಎದ್ದಾಗ ಮಿದುಳು ಒಂಚೂರು ಕೆಳಕ್ಕೆ ಜಗ್ಗತ್ತೆ. ತಲೆನೋವು ಅದೇ. ತಲೆಬುರುಡೆಯೊಳಗಿಂದ ಹೊರಡೋ ನರಗಳಲ್ಲಿ ಆರನೇದು ಕಣ್ಣನ್ನ ಹೊರಗಡೆ ತಿರುಗಿಸೋದು. ತೆಳ್ಳಗಿದೆ, ದಾರಿ ಉದ್ದ, ಮೂಳೆಯ ಅಂಚಿನ ಮೇಲೆ ಬಗ್ಗಿ ಹೋಗತ್ತೆ. ಮಿದುಳು ಜಗ್ಗಿದಾಗ ಅದು ಎಳೆದಂಗಾಗತ್ತೆ."

"ಹಗ್ಗ ಅಂಚಿಗೆ ತಾಗಿ ಉಜ್ಜಿದಂಗೆ," ಅಂದಳು ಅಕ್ಕ.

"ಹೂಂ, ಹಾಗೇ."

"ಮತ್ತೆ ಆ ಅಫೀಮು?" ಅತ್ತೆ ಕೇಳಿದಳು.

"ಅದಕ್ಕೂ ಕಣ್ಣಿಗೂ ಸಂಬಂಧ ಇಲ್ಲ ಅಜ್ಜಿ. ಮುಖದ ಸ್ಪರ್ಶ ತಿಳಿಯೋ ನರ ಮಿದುಳೊಳಗೆ ಹೋಗಿ ಸೇರೋ ಜಾಗ ಇದೆ, ಆ ಮದ್ದು ಅಲ್ಲಿ ಹಿಡಿಯತ್ತೆ, ಅದಕ್ಕೆ ಮೂಗು ಕಡಿಯೋದು. ಒಂದು ದಿನದಲ್ಲಿ ಇಳಿದುಹೋಗತ್ತೆ. ಚಟ ಗಿಟ ಏನೂ ಹತ್ತಲ್ಲ. ಕಣ್ಣು ಕೆಟ್ಟಿದ್ದು ಮದ್ದಿನಿಂದ ಅಲ್ಲ, ತೂತಿನಿಂದ."

"ಆ ತೂತು ಈಗ್ಲಾದ್ರೂ ಮುಚ್ಚಿ," ಅಂದ ಸುನ್‌ಗೂ.

"ತಲೆನೋವು ಶುರುವಾದಾಗ್ಲೇ ಬಂದಿದ್ರೆ, ಅವರದೇ ರಕ್ತ ಒಂಚೂರು ತೆಗೆದು ಅಲ್ಲಿ ಹಾಕಿ ಮುಚ್ಬೋದಿತ್ತು. ಹಾಗೆ ಮಾಡಿದ್ರೆ ಕಣ್ಣು ಉಳೀತಿತ್ತೇನೋ. ಈಗ ತೂತು ತಾನೇ ಮುಚ್ಕೊಂಡಿದೆ. ನರ ಮಾತ್ರ ಪೆಟ್ಟು ತಿಂದಿದೆ."

"ಸರಿಹೋಗತ್ತಾ?" ಅಕ್ಕ ಕೇಳಿದಳು.

"ಮುಕ್ಕಾಲುಪಾಲು ಜನಕ್ಕೆ ಸರಿಹೋಗತ್ತೆ. ತಿಂಗಳುಗಟ್ಲೆ ಹಿಡಿಯತ್ತೆ. ಕೆಲವರಿಗೆ ಪೂರ್ತಿ ಸರಿಹೋಗಲ್ಲ. ನಿಮಗೆ ಸರಿಹೋಗತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಸುನ್‌ಗೂ ಎದ್ದು ಹೊರಗೆ ಹೋಗಿ ಕೆಮ್ಮತೊಡಗಿದ. ಡಾಕ್ಟರು ತಲೆ ಬಗ್ಗಿಸಿ ನೆಲಕ್ಕೆ ಹಣೆ ತಾಗುವಷ್ಟು ಬಾಗಿದಳು. ಅಕ್ಕ ಅವಳ ಭುಜ ಹಿಡಿದು ಎಬ್ಬಿಸಲು ಹೋಗಿ, ಕೈ ಪಕ್ಕಕ್ಕೆ ಹೋಗಿ, ಎರಡನೆಯ ಸಲಕ್ಕೆ ಹಿಡಿದಳು.

"ಏಳಮ್ಮ. ಮುಂದಿನ್ಸಲ ಯಾರಾದ್ರೂ ಫೋನ್ ಮಾಡಿದ್ರೆ ಕಾಫಿ ಅನ್ನಬೇಡ."

ಅಂದಿನಿಂದ ಆ ಡಾಕ್ಟರು ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದಳು. ಒಂದೊಂದು ಕಣ್ಣಿಗೆ ಸರದಿಯ ಮೇಲೆ ಪಟ್ಟಿ ಕಟ್ಟಿಕೊಳ್ಳಲು ಹೇಳಿಕೊಟ್ಟಳು. ಎರಡು ನೋಟವನ್ನು ಒಂದು ಮಾಡುವ ಗಾಜಿನ ಕನ್ನಡಕ ಮಾಡಿಸಿಕೊಟ್ಟಳು. ಅತ್ತೆ ಮೊದಮೊದಲು ಅವಳಿಗೆ ಬಾರ್ಲಿ ನೀರನ್ನೂ ಕೊಡುತ್ತಿರಲಿಲ್ಲ. ಆಮೇಲಾಮೇಲೆ ಕಾಡ್ ಮೀನಿನ ಸಾರು ಇಡುವಷ್ಟು ಬಳಕೆಯಾಯಿತು. ಸುನ್‌ಗೂ ಮಾತ್ರ ಅವಳು ಬಂದರೆ ಬಂದರಿನ ಕಡೆಗೆ ಹೊರಟುಬಿಡುತ್ತಿದ್ದ.

ಆ ಚಳಿಗಾಲ ಅಕ್ಕನಿಗೆ ಬಲು ಕಷ್ಟದ್ದು. ಪಟ್ಟಿ ಕಟ್ಟಿಕೊಂಡರೆ ಒಂದೇ ಕಾಣುತ್ತದೆ, ಆದರೆ ದೂರ ಎಷ್ಟು ಅಂತ ತಿಳಿಯುವುದಿಲ್ಲ. ಚಹಾ ಲೋಟದ ಹೊರಗೆ ಹೋಗುತ್ತಿತ್ತು. ಮೆಟ್ಟಿಲ ಕೊನೆ ಸಿಗುತ್ತಿರಲಿಲ್ಲ. ಒಂದು ದಿನ ನಾನು ಹೋದಾಗ ಸೂಜಿಗೆ ದಾರ ಪೋಣಿಸಲು ಕೂತಿದ್ದಳು. ಸುತ್ತ ನೆಲದ ಮೇಲೆ ಹಲ್ಲಿನಲ್ಲಿ ಕಚ್ಚಿ ಎಸೆದ ದಾರದ ತುದಿಗಳು.

"ಕ್ಯಾಬಿನ್ನಿಂದ ಅರವತ್ತು ಮೀಟರ್ ಕೆಳಗೆ ಕೊಕ್ಕೆ ಇಳಿಸ್ತಿದ್ದೆ ಕಣೇ," ಅಂದಳು. "ಈಗ ನೋಡು."

ನಾನು ಸೂಜಿ ಕೇಳಿದೆ. ಕೊಡಲಿಲ್ಲ.

ವಸಂತದ ಹೊತ್ತಿಗೆ ಕಣ್ಣು ಚೂರು ಚೂರಾಗಿ ಹೊರಗೆ ತಿರುಗತೊಡಗಿತು. ಎದುರಿಗೆ ಇರುವುದು ಒಂದೇ ಆಗಿ ಕಾಣುತ್ತಿತ್ತು. ಬಲಕ್ಕೆ ನೋಡಿದರೆ ಮಾತ್ರ ಇನ್ನೂ ಒಡೆದು ಎರಡಾಗುತ್ತಿತ್ತು. ಇನ್ನೂ ಒಂದಷ್ಟು ತಿಂಗಳು ಕಾಯಿರಿ ಅಂದಳು ಡಾಕ್ಟರು. ಆದರೆ ಯಾರ್ಡಿನಲ್ಲಿ ಅವಳ ಕ್ಯಾಬಿನ್ನಿಗೆ ಹೊಸ ಹುಡುಗಿಯನ್ನು ಕೂರಿಸಿದ್ದರು. ಆ ಸುದ್ದಿ ಕೇಳಿದ ವಾರವೇ ಅಕ್ಕ ಕೆಲಸಕ್ಕೆ ಬರುತ್ತೇನೆಂದು ಹೇಳಿಕಳಿಸಿದಳು. ಯಾರ್ಡಿನ ಆರೋಗ್ಯ ಕೋಣೆಯಲ್ಲಿ ಕಣ್ಣು ಪರೀಕ್ಷೆ ಅಂದರೆ ಗೋಡೆಯ ಮೇಲಿನ ಅಕ್ಷರ ಓದುವುದು. ಒಂದು ಕಣ್ಣು ಮುಚ್ಚಿ ಓದು, ಇನ್ನೊಂದು ಮುಚ್ಚಿ ಓದು. ಒಂಟಿಯಾಗಿ ಅವಳ ಎರಡು ಕಣ್ಣೂ ಗಿಡುಗನ ಕಣ್ಣೇ. ಕೊನೆಯ ಸಾಲಿನವರೆಗೂ ಓದಿದಳು. ಪಾಸು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ, "ಬಲಗಡೆ?"

ಅವಳು ಬೂಟಿನ ಲಾಡಿ ಬಿಗಿಯುತ್ತಾ, "ಬಲಗಡೆ ಎರಡು," ಅಂದಳು.

"ಹಂಗಿದ್ರೆ ಹತ್ಬೇಡ."

"ಎರಡು ಕಂಡ್ರೆ ಒಂದು ಕಣ್ಣು ಮುಚ್ಕೋತೀನಿ. ನೀನು ಕೆಳಗೆ ಇರ್ತೀಯಲ್ಲ."

"ನಾನು ಕೆಳಗಿರ್ತೀನಿ ಅಕ್ಕ, ಕೊಕ್ಕೆ ಕೆಳಗೆ ಬೇರೆಯವ್ರೂ ಇರ್ತಾರೆ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಮುಖ ಬಲಕ್ಕೆ ತಿರುಗಿಸಿಕೊಂಡು. "ನೀನು ಹೋಗಿ ಮೇಸ್ತ್ರಿಗೆ ಹೇಳೋದಾದ್ರೆ ಹೇಳು. ನಾನು ಬೇಜಾರು ಮಾಡ್ಕೊಳಲ್ಲ. ಆದ್ರೆ ನಾನಾಗಿ ಹೇಳಲ್ಲ. ಇಡೀ ಚಳಿಗಾಲ ಗೋಡೆ ನೋಡ್ತಾ ಕೂತಿದೀನಿ ಕಾಪ್‌ಸುನ್."

ನಾನು ಮೇಸ್ತ್ರಿಯ ಹತ್ತಿರ ಹೋದೆ. ಅಕ್ಕನ ಗುಟ್ಟು ಹೇಳಲಿಲ್ಲ. ಅವಳು ಕ್ರೇನ್ ಮುಟ್ಟಿ ಬಹಳ ದಿನ ಆಯ್ತು, ಮೊದಲ ದಿನ ಬರಿಯ ಕೊಕ್ಕೆ, ಆಮೇಲೆ ಪರೀಕ್ಷೆಯ ಕಾಂಕ್ರೀಟ್ ದಿಂಡು, ಕೆಳಗೆ ಒಬ್ಬರೂ ಇರಬಾರದು ಅಂದೆ. ಮಾ ಅನ್ನುವ ಆ ಮೇಸ್ತ್ರಿ ಸಿಡುಕು ಮನುಷ್ಯ. "ನೀನ್ಯಾವಾಗ ಮೇಸ್ತ್ರಿ ಆದೆ?" ಅಂದ. ಆದರೂ ಜಾಗ ಖಾಲಿ ಮಾಡಿಸಿ, ಸುತ್ತ ಹಗ್ಗ ಕಟ್ಟಿಸಿದ.

ಬೆಳಗಿನ ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಅವಳು ಏಣಿ ಹತ್ತಿದಳು. ಮಂಡಿ ಒಳ್ಳೆಯದಾಗಿತ್ತು, ಹತ್ತುವುದರಲ್ಲಿ ತಡವರಿಕೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ವಾಕಿಟಾಕಿ ಗೊರಗುಟ್ಟಿತು.

"ಹೂಂ, ಹೇಳು."

ಆ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು. "ಕೆಳಗೆ," ಅಂದೆ. ಕೊಕ್ಕೆ ಇಳಿಯಿತು, ಮೊದಲಿನ ಹಾಗೆಯೇ, ನೀರಿನ ಹಾಗೆ. ದಿಂಡಿಗೆ ಸರಪಳಿ ಹಾಕಿ ನಾನು ದೂರ ಸರಿದೆ. ಎತ್ತಿದಳು. ಎದುರಿಗೆ ತಂದಳು, ಹಿಂದಕ್ಕೆ ಒಯ್ದಳು, ಎಡಕ್ಕೆ ಬಿಟ್ಟಳು. ಹಗ್ಗದಾಚೆ ನಿಂತಿದ್ದ ವೆಲ್ಡಿಂಗಿನವರಲ್ಲಿ ಒಬ್ಬ ಸಿಳ್ಳೆ ಹಾಕಿದ. ಮೇಸ್ತ್ರಿ ಮಾ ಕೂಡ ತುಟಿಯಂಚಿನಲ್ಲಿ ನಕ್ಕು, "ಸರಿ, ಬಲಗಡೆ ಗುರುತಿನ ಮೇಲೆ ಇಟ್ಟು ಇಳೀಲಿ," ಅಂದ.

ಬಲಗಡೆಯ ಗುರುತಿನ ಹತ್ತಿರ ಹಗ್ಗದಾಚೆ ಸರಕು ಸಾಗಿಸುವ ಒಂದು ಟ್ರಾಲಿ ಗಾಡಿ ನಿಂತಿತ್ತು. ಅದರ ಡ್ರೈವರ್ ಒಳಗೇ ಕೂತು ನಿಶ್ಚಿಂತೆಯಿಂದ ಏನೋ ತಿನ್ನುತ್ತಿದ್ದ. ಹಗ್ಗದ ಹೊರಗಿದ್ದಾನಲ್ಲ ಅಂತ ಯಾರೂ ಎಬ್ಬಿಸಿರಲಿಲ್ಲ. ದಿಂಡು ಬಲಕ್ಕೆ ಬಂತು. ನಿಧಾನವಾಗಿಯೇ ಬಂತು. ಗುರುತಿನ ಮೇಲೆ ಬಂದು ನಿಲ್ಲಬೇಕಾದದ್ದು ನಿಲ್ಲಲಿಲ್ಲ.

"ಅಕ್ಕ, ಸಾಕು. ನಿಲ್ಲು."

ದಿಂಡು ಇನ್ನೂ ಸರಿಯುತ್ತಿತ್ತು.

"ಅಕ್ಕ, ನಿಲ್ಲು!"

ನಿಂತಿತು. ಜೋತಾಡುತ್ತಾ, ಟ್ರಾಲಿಯ ಮೂತಿಗೆ ಒಂದಾಳಿನಷ್ಟು ದೂರದಲ್ಲಿ. ಡ್ರೈವರ್ ತಿಂಡಿ ಬಿಟ್ಟು ಕೆಳಕ್ಕೆ ಹಾರಿದ.

"ಕಾಪ್‌ಸುನ್."

"ಹೇಳಕ್ಕ."

"ಟ್ರಾಲಿ ಎರಡಿದೆ. ಯಾವುದು ನಿಜ?"

ಮೇಸ್ತ್ರಿಯ ಸೊಂಟದಲ್ಲೂ ನಮ್ಮ ಮಾತು ಕೇಳುವ ವಾಕಿಟಾಕಿ ಇತ್ತು. ಅದು ಅವಳಿಗೂ ಗೊತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು, ಏನೂ ಆಗದವಳ ಹಾಗೆ ಇಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ.

"ಯಾವುದನ್ನೂ ನೋಡ್ಬೇಡ," ಅಂದೆ. "ಕಣ್ಣು ನನ್ನ ಮೇಲೆ ಬೇಡ. ಮಾತು ಕೇಳು ಅಷ್ಟೇ. ಎಡಕ್ಕೆ, ಮೆತ್ತಗೆ. ಇನ್ನೂ. ಇನ್ನೂ ಸ್ವಲ್ಪ. ಸಾಕು. ಈಗ ಕೆಳಗೆ. ಕೆಳಗೆ. ನೆಲ ಬಂತು."

ದಿಂಡು ಕೂತಿತು. ಅವಳು ಇಳಿದು ಬರಲು ಬಹಳ ಹೊತ್ತು ತೆಗೆದುಕೊಂಡಳು. ಕೆಳಗೆ ಬಂದವಳೇ ಮೇಸ್ತ್ರಿಯ ಮುಂದೆ ನಿಂತು ಹೆಲ್ಮೆಟ್ ತೆಗೆದಳು.

"ಬಲಗಡೆ ಎರಡು ಕಾಣತ್ತೆ. ಹೇಳದೇ ಹತ್ತಿದೆ."

ಮಾ ಕೆಂಪಗಾದ. ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದ. ತಲೆ ಕೆಟ್ಟಿದೆಯಾ, ಯಾರನ್ನ ಕೊಲ್ಲೋಕೆ ಬಂದೆ, ಗಂಡನ ಹಾಗೆ ಮನೇಲಿ ಬಿದ್ದಿರ್ಬಾರ್ದಾ, ಹೀಗೆ. ಅವಳು ಕೇಳಿಸಿಕೊಂಡಳು. ಗಂಡನ ಮಾತು ಬಂದಾಗ ಮಾತ್ರ, "ಅವರ ಎದೆ ಕೆಟ್ಟಿದ್ದು ಇಲ್ಲಿಯ ಹೊಗೆಯಿಂದ. ಅದನ್ನ ಬಿಟ್ಟು ಬೈಯಿ," ಅಂದಳು. ಅವನು ಬೈಯುವುದನ್ನು ನಿಲ್ಲಿಸಿ, ಒಂದು ಬಾಟಲಿ ನೀರು ತಂದು ಅವಳ ಕೈಗೆ ಕೊಟ್ಟು ಹೋದ.

ಅವಳು ಬಟ್ಟೆ ಬದಲಿಸುವ ಕೋಣೆಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಮೊದಲು ನೋಡಿದ್ದು ಆವತ್ತು. "ಅವನು ತಿಂತಾ ಇದ್ದ ಕಣೇ," ಅನ್ನುತ್ತಿದ್ದಳು. "ಇಬ್ಬರೂ ತಿಂತಾ ಇದ್ರು."

ಆ ವರ್ಷದ ಕೊನೆಗೆ ಕಣ್ಣು ಸರಿಹೋಯಿತು. ಡಾಕ್ಟರು ಪ್ಯೋ ಬೆರಳನ್ನು ಕೊನೆಯ ಬಲಕ್ಕೆ ಒಯ್ದರೂ ಅಕ್ಕನಿಗೆ ಒಂದೇ ಬೆರಳು ಕಂಡಿತು. ಬಹಳ ದಣಿದಾಗ ಮಾತ್ರ ತೀರಾ ಅಂಚಿನಲ್ಲಿ ಒಂದು ನೆರಳು ಬಂದಂತಾಗುತ್ತದೆ ಅನ್ನುತ್ತಾಳೆ. ಆದರೆ ಅಷ್ಟು ಹೊತ್ತಿಗೆ ಕ್ಯಾಬಿನ್ ಹೊಸ ಹುಡುಗಿಯದಾಗಿತ್ತು. ಮೇಸ್ತ್ರಿ ಬೇರೆ ಕ್ರೇನ್ ಕೊಡುತ್ತೇನೆ ಅಂತ ಅವನಾಗಿಯೇ ಕೇಳಿದ. ಅವಳು ಬೇಡ ಅಂದಳು. ನಾನು ಕಾರಣ ಕೇಳಿದೆ. "ಕೊಕ್ಕೆ ಒಂದೇ ಕಾಣತ್ತೆ, ಸರಿ. ಆದ್ರೆ ಇಳಿಸೋ ಮೊದಲು ಪ್ರತಿ ಸಲ ಇದೇ ನಿಜವಾದದ್ದಾ ಅಂತ ಕೇಳ್ಕೋತಾ ಕೂತ್ರೆ ಹಡಗು ಕಟ್ಟಿ ಮುಗಿಯತ್ತಾ?" ಅಂದಳು. ಈಗ ಮೂರನೆಯ ಡಾಕಿನಲ್ಲಿ ನೆಲದ ಮೇಲೆ ನಿಂತು ಸಿಗ್ನಲ್ ಕೊಡುತ್ತಾಳೆ. ಕೆಲಸ ಅಚ್ಚುಕಟ್ಟು. ಆದರೆ ಬಲಕ್ಕೆ ನೋಡುವಾಗ ಕಣ್ಣನ್ನಷ್ಟೇ ತಿರುಗಿಸುವುದಿಲ್ಲ, ಇಡೀ ತಲೆ ತಿರುಗಿಸುತ್ತಾಳೆ. ಹೊಸಬರು ಬಿಗುಮಾನದ ಹೆಂಗಸು ಅಂದುಕೊಳ್ಳುತ್ತಾರೆ.

ಸುನ್‌ಗೂ ಆ ಆಸ್ಪತ್ರೆಯ ಬೀದಿಯಲ್ಲಿ ಇವತ್ತಿಗೂ ಓಡಾಡುವುದಿಲ್ಲ, ಸುತ್ತು ಹಾಕಿ ಹೋಗುತ್ತಾನೆ. ಅತ್ತೆ ಹೋದ ವರ್ಷ ತೀರಿಕೊಂಡಳು. ಪ್ಯೋ ಸಾವಿಗೆ ಬಂದು ಮೂಲೆಯಲ್ಲಿ ಕೂತು, ಬಂದವರಿಗೆಲ್ಲ ಬಡಿಸುವ ಸಾರು ಕುಡಿದು ಹೋದಳು. ಅಂದು ಸುನ್‌ಗೂ ಮನೆ ಬಿಟ್ಟು ಹೊರಡಲಿಲ್ಲ, ಮಾತೂ ಆಡಲಿಲ್ಲ.

ಈಗ ಅಕ್ಕನ ಎಡ ಮಂಡಿಯೂ ಹೋಗಿದೆ, ಅದಕ್ಕೂ ಆಪರೇಷನ್ ಆಗಬೇಕಂತೆ. ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳಿಯುತ್ತಾಳೆ. ಪ್ಯೋ ಈಗ ಜಿಂಜು ಅನ್ನುವ ಊರಿನ ಯಾವುದೋ ಆಸ್ಪತ್ರೆಯಲ್ಲಿದ್ದಾಳೆ. ಈ ಸಲ ಬೆನ್ನು ಮುಟ್ಟುವುದಿಲ್ಲ, ಪೂರ್ತಿ ನಿದ್ದೆಗೆ ಕಳಿಸುತ್ತೇನೆ, ಎದ್ದ ಮೇಲೂ ದಿನಾ ನಾನೇ ಬಂದು ನೋಡುತ್ತೇನೆ ಅಂತ ಹೇಳಿದ್ದಾಳಂತೆ.

"ನಿದ್ದೆಗೆ ಕಳ್ಸೋವಾಗ ಗಂಟಲಿಗೆ ಕೊಳವೆ ಹಾಕ್ತಾರಂತೆ," ಅಂದಳು ಅಕ್ಕ ಮೊನ್ನೆ, ಊಟದ ಡಬ್ಬಿ ಮುಚ್ಚುತ್ತಾ. "ಅಪರೂಪಕ್ಕೆ ಅದ್ರಿಂದ್ಲೂ ಯಾವುದೋ ನರಕ್ಕೆ ಪೆಟ್ಟಾಗಿ ದನಿ ಹೋಗತ್ತಂತೆ, ನಾಲಿಗೆ ಸೊಟ್ಟ ಆಗತ್ತಂತೆ. ಅವಳೇ ಹೇಳಿದ್ಲು. ಈ ಸಲ ಏನನ್ನೂ ಮುಚ್ಚಿಡಲ್ಲ ಅಂದ್ಲು."

"ಹೋಗ್ತೀಯಾ?"

"ಗೊತ್ತಿಲ್ಲ ಕಣೇ. ನೋಡೋಣ."

ಹೋಗುವುದಾದರೆ ಬಸ್ಸಿನಲ್ಲಿ ನಾನೂ ಬರುತ್ತೇನೆ ಅಂದಿದ್ದೇನೆ. ಊಟದ ಗಂಟೆ ಮುಗಿಯಿತು. ಅವಳು ಬೆಂಚು ಹಿಡಿದುಕೊಂಡು ಎದ್ದು, ಕುಂಟುತ್ತಾ ಡಾಕಿನ ಕಡೆ ನಡೆದಳು.